ಉಪ್ಪು ತಿಂದ ಕಾರು

ಭಾವನವರ ಹೊಸ ಕಾರಿನ ಬಣ್ಣಕ್ಕೆ ಕಂಪನಿಯವರು ಉದ್ದನೆಯ ಹೆಸರೊಂದನ್ನು ಇಟ್ಟಿದ್ದರು. ಅದರಲ್ಲಿ ಮಧ್ಯರಾತ್ರಿಯೂ ಇತ್ತು, ಮುತ್ತೂ ಇತ್ತು. ಅಕ್ಕ ಅದನ್ನೆಲ್ಲ ಬದಿಗಿಟ್ಟು ನೇರಳೆಹಣ್ಣಿನ ಬಣ್ಣ ಎಂದುಬಿಟ್ಟಳು. ಅಮ್ಮನ ಲೆಕ್ಕದಲ್ಲಿ ಅದು ನೆರಳಲ್ಲಿ ಕಪ್ಪು, ಬಿಸಿಲಲ್ಲಿ ಬದನೆಕಾಯಿ. ಭಾವನವರಿಗೆ ಮಾತ್ರ ಅದು ಬಣ್ಣವೇ ಅಲ್ಲ, ಸ್ಥಿರಾಸ್ತಿ. ಡೆಟ್ರಾಯಿಟ್ ಪಕ್ಕದ ನೋವೈ ಎಂಬ ಊರಿನಲ್ಲಿ, ಚಳಿಗಾಲ ಬಾಗಿಲು ತಟ್ಟುವ ಹೊತ್ತಿಗೆ ಕಾರು ಕೊಂಡಿದ್ದರು. ಕ್ರಿಸ್‌ಮಸ್ ರಜೆಗೆ ಅದರಲ್ಲೇ ಫ್ಲಾರಿಡಾದ ಟ್ಯಾಂಪಾಕ್ಕೆ, ಗೆಳೆಯರ ಮನೆಗೆ ಹೋಗಿಬರುವುದು ಎಂದು ಅಕ್ಕ ಘೋಷಿಸಿದಳು. ಒಂದು ಕಡೆಗೇ ಸುಮಾರು 1,200 ಮೈಲಿ.

"ಹೊಸ ಕಾರು ಮನೇಲಿಟ್ಟುಕೊಂಡು ವಿಮಾನದಲ್ಲಿ ಹೋಗೋದೇ?" ಎಂಬುದು ಅಕ್ಕನ ವಾದ.

"ಹೊಸ ಕಾರು ತಗೊಂಡು ಈ ರಸ್ತೇಲಿ ಹೋಗೋದೇ?" ಎಂಬುದು ಭಾವನವರದು.

ಅಕ್ಕ ಗೆದ್ದಳೆಂದು ಬೇರೆ ಹೇಳಬೇಕಿಲ್ಲ.

ನಾನೂ ಅಮ್ಮನೂ ಹಿಮ ನೋಡಲೆಂದು ಮೈಸೂರಿನಿಂದ ಹೋದವರು. ರಸ್ತೆಯಲ್ಲಿ ಹೆದರುವಂಥದ್ದೇನಿದೆ ಎಂಬುದೇ ನಮಗೆ ತಿಳಿಯಲಿಲ್ಲ. ನಮ್ಮ ಕಡೆ ಹೊಸ ಕಾರಿನ ಶತ್ರುಗಳು ಯಾರೆಂದು ಎಲ್ಲರಿಗೂ ಗೊತ್ತು: ಸಂದಿಯಲ್ಲಿ ನುಗ್ಗುವ ಆಟೋ, ಜಲ್ಲಿ ಉದುರಿಸುತ್ತ ಹೋಗುವ ಟಿಪ್ಪರ್, ಮೊಳೆ ಹಿಡಿದ ಬೀದಿ ಹುಡುಗ, ಎದುರುಮನೆಯವರ ಕಣ್ಣು. ಅಲ್ಲಿ ಇವು ಯಾವುವೂ ಇಲ್ಲ. ಅಲ್ಲಿರುವುದು ಒಂದೇ, ಉಪ್ಪು.

ಅಮೆರಿಕದ ರಸ್ತೆಗಳ ಮೇಲೆ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪು ಸುರಿಯುತ್ತಾರೆ. ಈ ಪದ್ಧತಿ ಶುರುವಾದದ್ದು ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ, 1938ರಲ್ಲಿ, ಪ್ರಯೋಗಕ್ಕೆಂದು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ. ಇನ್ನೂ ಕೆಳಕ್ಕೆ ಇಳಿಯಬೇಕು. ಹಾಗೆಂದು ಬರೀ ಕಲ್ಲುಪ್ಪಿನ ಆಟ ಮೈನಸ್ ಹತ್ತರ ಸುತ್ತಮುತ್ತ ಮುಗಿಯುತ್ತದೆ. ಅದಕ್ಕೂ ಕೆಳಗೆ ಹೋದರೆ ಕ್ಯಾಲ್ಸಿಯಂ ಕ್ಲೋರೈಡು, ಮೆಗ್ನೀಸಿಯಂ ಕ್ಲೋರೈಡು ಬೆರೆಸುತ್ತಾರೆ. ಕೆಲವು ಕಡೆ ಸಕ್ಕರೆ ತೆಗೆದ ಮೇಲೆ ಉಳಿಯುವ ಬೀಟ್ ರಸವನ್ನೂ ಸೇರಿಸುತ್ತಾರೆ, ಉಪ್ಪು ರಸ್ತೆಗೆ ಅಂಟಿಕೊಂಡಿರಲಿ ಎಂದು. "ಪಲ್ಯ ಮಾಡೋ ಬೀಟ್‌ರೂಟಾ?" ಎಂದು ಅಮ್ಮ ಕೇಳಿದರು. ಅದರ ದಾಯಾದಿ ಎಂದರು ಭಾವ.

ತಮಾಷೆಯೆಂದರೆ ಡೆಟ್ರಾಯಿಟ್ ಊರು ಕೂತಿರುವುದೇ ಉಪ್ಪಿನ ಮೇಲೆ. ನಲವತ್ತು ಕೋಟಿ ವರ್ಷದ ಹಿಂದೆ ಅಲ್ಲಿದ್ದ ಸಮುದ್ರ ಬತ್ತಿ ಬಿಟ್ಟುಹೋದ ಉಪ್ಪಿನ ಹಾಸು ನಗರದ ಕೆಳಗೆ ಸಾವಿರದ ನೂರು ಅಡಿಗೂ ಹೆಚ್ಚು ಆಳದಲ್ಲಿದೆ. 1910ರ ಸುಮಾರಿನಿಂದ ಅಲ್ಲಿ ಗಣಿಗಾರಿಕೆ. ಕೆಳಗೆ ಇಳಿಸಬೇಕಾದ ದೊಡ್ಡ ಲಾರಿ, ಯಂತ್ರಗಳನ್ನು ಮೇಲೆಯೇ ಬಿಡಿಭಾಗ ಮಾಡಿ, ಒಂದೊಂದಾಗಿ ಇಳಿಸಿ, ಪಾತಾಳದಲ್ಲಿ ಮತ್ತೆ ಜೋಡಿಸುತ್ತಾರೆ. ಮೇಲೆ ಜಗತ್ತಿಗೆಲ್ಲ ಕಾರು ಮಾಡಿ ಕೊಟ್ಟ ಊರು. ಕೆಳಗೆ ಆ ಕಾರನ್ನು ತಿನ್ನುವ ಪದಾರ್ಥದ ಉಗ್ರಾಣ. ಹತ್ತು ವರ್ಷಕ್ಕೊಮ್ಮೆ ಹೊಸ ಕಾರು ಮಾರಾಟವಾಗಲಿ ಎಂದೇ ಯಾರೋ ವ್ಯವಸ್ಥೆ ಮಾಡಿದ್ದಾರೆಂದು ನನಗೆ ಅನುಮಾನ. ಭಾವ ಆ ಊರಿನ ಉದ್ಯಮದವರೇ ಆದ್ದರಿಂದ ನಗಲಿಲ್ಲ.

ಆದರೂ ನ್ಯಾಯವಾಗಿ ಹೇಳಬೇಕು. ಉಪ್ಪು ಬಣ್ಣವನ್ನು ತಿನ್ನುವುದಿಲ್ಲ. ಬಣ್ಣದ ಪದರ ಗಟ್ಟಿಯಾಗಿರುವ ತನಕ ಅದು ಮೇಲೆ ಸುಮ್ಮನೆ ಕೂತಿರುತ್ತದೆ. ಮುಂದಿನ ಲಾರಿಯ ಚಕ್ರದಿಂದ ಹಾರಿದ ಒಂದು ಜಲ್ಲಿಚೂರು ಬಡಿದು ಸಾಸಿವೆಯಷ್ಟು ಚಕ್ಕೆ ಎದ್ದಿತೆನ್ನಿ, ಆಗ ಆ ಕಿಂಡಿಯಿಂದ ಒಳಗೆ ಇಳಿದು ತಗಡಿಗೆ ಕೈಹಾಕುತ್ತದೆ. ಈಗಿನ ತಗಡಿಗೆ ಸತುವಿನ ಲೇಪ ಇರುವುದರಿಂದ ತುಕ್ಕು ತಡವಾಗಿ ಬರುತ್ತದೆ, ಬಾರದೇ ಇರುವುದಿಲ್ಲ.

ಬಣ್ಣ ಎಷ್ಟು ದಪ್ಪ ಇರುತ್ತದೆಂದು ನಾನು ಕೇಳಿದೆ. ಕೇಳಬಾರದಿತ್ತು. ಭಾವ ಒಳಗೆ ಹೋಗಿ ಬೆರಳುದ್ದದ ಯಂತ್ರವೊಂದನ್ನು ತಂದರು. ಬಾನೆಟ್ಟಿನ ಮೇಲೆ ಇಟ್ಟರೆ ಕೀಂ ಎಂದಿತು. 112 ಎಂದು ತೋರಿಸಿತು. ಬಾಗಿಲಿಗೆ ಇಟ್ಟರು, 108. ಡಿಕ್ಕಿಗೆ ಇಟ್ಟರು, 115. ಮೈಕ್ರಾನ್ ಲೆಕ್ಕ. ನಮ್ಮ ತಲೆಗೂದಲು ಎಪ್ಪತ್ತರ ಆಸುಪಾಸು. ಅಂದರೆ ಕಂಪನಿಯವರು ವಿದ್ಯುತ್ ಹಾಯಿಸಿ ಅದ್ದಿ ಹಚ್ಚಿದ ಅಡಿಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಹೊಳಪಿನ ಕ್ಲಿಯರ್ ಕೋಟ್, ಇಷ್ಟೂ ಸೇರಿ ಒಂದೂವರೆ ಕೂದಲು. ಅದರಲ್ಲಿ ಹೊಳಪಿನ ಪಾಲು ಅರ್ಧ ಕೂದಲಿಗಿಂತ ಚೂರು ಹೆಚ್ಚು. ಗೀರು, ಬಿಸಿಲು, ಹಕ್ಕಿಹಿಕ್ಕೆ, ಎಲ್ಲವನ್ನೂ ಮೊದಲು ಎದುರಿಸುವುದು ಆ ಅರ್ಧ ಕೂದಲು. ಇಷ್ಟು ತೆಳ್ಳಗಿನ ವಸ್ತುವಿಗಾಗಿ ಇಷ್ಟು ದಪ್ಪ ಸಾಲ ಮಾಡುತ್ತಾರಲ್ಲ ಎಂದು ಅಮ್ಮ ನನ್ನ ಕಿವಿಯಲ್ಲಿ ಅಂದರು.

ಹೆನ್ರಿ ಫೋರ್ಡ್ ಈ ತಲೆನೋವನ್ನೇ ಇಟ್ಟುಕೊಳ್ಳಲಿಲ್ಲ. 1914ರಿಂದ 1925ರವರೆಗೆ ಅವನ ಮಾಡೆಲ್ ಟಿ ಕಾರು ಬಂದದ್ದು ಕಪ್ಪು ಬಣ್ಣದಲ್ಲಿ ಮಾತ್ರ. ಯಾರ ಕಾರು ಹೆಚ್ಚು ಮಿನುಗುತ್ತದೆ ಎಂಬ ಪೈಪೋಟಿ ಆಗ ಅಷ್ಟಾಗಿ ಇದ್ದಿರಲಾರದು. 1920ರ ದಶಕದಲ್ಲಿ ಡ್ಯೂಪಾಂಟ್ ಕಂಪನಿಯ ಬೇಗ ಒಣಗುವ ಲ್ಯಾಕರ್ ಬಂದಮೇಲೆ ನೀಲಿ ಬಂತು, ಹಸಿರು ಬಂತು, ಜೊತೆಗೆ ಭಾವನಂಥವರೂ ಬಂದರು.

ಬಣ್ಣ ಕಾಯುವವರಲ್ಲಿ ಅಲ್ಲಿಯೂ ತ್ರಿಮತಸ್ಥರಿದ್ದಾರೆ. ಮೇಣದವರು, ಸೀಲೆಂಟಿನವರು, ಸೆರಾಮಿಕ್‌ನವರು. ಮೇಣದವರು ಸನಾತನಿಗಳು, ಬ್ರೆಜಿಲ್‌ನ ಕಾರ್ನೌಬಾ ತಾಳೆಯ ಎಲೆಯಿಂದ ಕೆರೆದು ತೆಗೆದ ಮೇಣವೇ ಮೇಣ, ಆ ಹೊಳಪಿನ ಆಳವೇ ಬೇರೆ ಎನ್ನುವವರು. ಅದು ಚಳಿಗಾಲದ ಉಪ್ಪು, ಸೋಪಿನ ಮುಂದೆ ಹೆಚ್ಚು ದಿನ ನಿಲ್ಲುವುದಿಲ್ಲ ಎಂದರೆ ಬೇಸರಪಟ್ಟುಕೊಳ್ಳುತ್ತಾರೆ. ಸೀಲೆಂಟಿನವರು ಪ್ರಯೋಗಾಲಯದ ಅಂಟನ್ನು ನಂಬಿದವರು. ಹೊಳಪು ಸ್ವಲ್ಪ ಕಡಿಮೆಯಾದರೂ ತಿಂಗಳುಗಟ್ಟಲೆ ಇರುತ್ತದೆ. ಸೆರಾಮಿಕ್‌ನವರು ಶ್ರೀಮಂತರು, ಅವರು ಉಳಿದಿಬ್ಬರೊಡನೆ ಮಾತಾಡುವುದಿಲ್ಲ. ಮೂವರಲ್ಲಿ ಯಾರಿಂದಲೂ ಕಲ್ಲೇಟು ತಡೆಯಲು ಆಗುವುದಿಲ್ಲ ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಕಲ್ಲೇಟು ತಡೆಯುವುದು ಫಿಲ್ಮು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳ ಅಂಚು ಮರಳಿಗೆ, ಚೂರುಗಳಿಗೆ ಸವೆಯದಿರಲೆಂದು ತ್ರೀಎಂ ಕಂಪನಿ ಮಾಡಿದ ಯುರೆಥೇನ್ ಪಟ್ಟಿಯ ಮೊಮ್ಮಗ ಅದು. ಈಗಿನದು ಪಾರದರ್ಶಕ, ಬಣ್ಣಕ್ಕಿಂತ ಅದೇ ದಪ್ಪ, ಬಿಸಿ ತಗುಲಿದರೆ ಸಣ್ಣ ಗೀರುಗಳು ತಾವೇ ಮುಚ್ಚಿಕೊಳ್ಳುತ್ತವೆ. ಇಡೀ ಕಾರಿಗೆ ಹೊದಿಸಿದರೆ ಐದಾರು ಸಾವಿರ ಡಾಲರ್. ಬಾನೆಟ್ಟು, ಬಂಪರು, ಕನ್ನಡಿಗಳಿಗಷ್ಟೇ ಆದರೆ ಅದರ ಒಂದು ಭಾಗ. ಭಾವ ಅಂಗಡಿಗೆ ಫೋನು ಮಾಡಿದಾಗ ಡಿಸೆಂಬರ್ ಪೂರ್ತಿ ಬುಕ್ಕಾಗಿತ್ತು. ಅಲ್ಲದೆ ಅಂಟಿಸಿದ ಮೇಲೆ ಕೆಲವು ದಿನ ತೊಳೆಯದೆ ಒಣಗಲು ಬಿಡಬೇಕು. ಇನ್ನುಳಿದದ್ದು ಕಾರಿನ ಮೂತಿಗೆ ತೊಡಿಸುವ ಕಪ್ಪು ರೆಕ್ಸಿನ್ ಕವಚ. ಅಲ್ಲಿಯವರು ಅದಕ್ಕೆ ಕರೆಯುವ ಹೆಸರನ್ನು ಭಾವ ಅತ್ತೆಯ ಎದುರು ಹೇಳಲಾರದೆ "ಮುಂದಿನ ಕವರು" ಅಂದರು. ಅದರ ಅಡಿಗೆ ಮರಳು ಸೇರಿಕೊಂಡು, ಗಾಳಿಗೆ ಅದುರಿ, ಸಾವಿರ ಮೈಲಿ ದೂರಕ್ಕೂ ಬಣ್ಣವನ್ನು ಉಜ್ಜುತ್ತಲೇ ಹೋಗುತ್ತದೆಂದು ತಾವೇ ತಿರಸ್ಕರಿಸಿದರು.

ಕೊನೆಗೆ ಗೋಡೆಗೆ ಪೇಂಟ್ ಹೊಡೆಯುವವರು ಅಂಚಿಗೆ ಅಂಟಿಸುವ ನೀಲಿ ಕಾಗದದ ಟೇಪು ಬಂತು. ಗ್ಯಾರೇಜಿನಲ್ಲಿ ಹೀಟರ್ ಹಚ್ಚಿ, ಮೊದಲು ಸೀಲೆಂಟ್ ಸವರಿ, ಬಟ್ಟೆಯಲ್ಲಿ ಒರೆಸಿ, ಬಾನೆಟ್ಟಿನ ಮುಂಭಾಗಕ್ಕೂ ಬಂಪರಿಗೂ ಸಾಲು ಸಾಲಾಗಿ ಟೇಪು ಹಚ್ಚಿದರು. ನೇರಳೆ ಕಾರಿಗೆ ನೀಲಿ ಮೂಗು. ಅಕ್ಕ ಬಂದು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಪೂಜೆ ಮಾಡಿಸದೆ ಗಾಡಿ ಹೊಸಲು ದಾಟಬಾರದು" ಎಂದಷ್ಟೇ ಅಂದಳು.

ಪೂಜೆಯೆಂದರೆ ಅರಿಶಿನ, ಕುಂಕುಮ, ಗಂಧ. ಭಾವನವರ ಮುಖ ಸಣ್ಣದಾಯಿತು. ಹಸಿ ಅರಿಶಿನ ಹೊಳಪಿನ ಮೇಲೆ ಕಲೆ ಬಿಡುತ್ತದೆ, ಒಣ ಕುಂಕುಮ ಒರೆಸಿದರೆ ಗೀರುತ್ತದೆ. ದೇವರ ವಿಷಯದಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಸಾಲದು. ದೇವಸ್ಥಾನದ ಪಾರ್ಕಿಂಗಿನಲ್ಲಿ ಅವರು ಮೆಲ್ಲಗೆ ಅರ್ಚಕರಿಗೆ ನೀಲಿ ಟೇಪು ತೋರಿಸಿ, "ಇಲ್ಲೇ ಹಚ್ಚಿಬಿಡಿ" ಅಂದರು. ಅರ್ಚಕರು ಇಂಥವರನ್ನು ಬಹಳ ಜನ ನೋಡಿದವರು. ಮರುಮಾತಿಲ್ಲದೆ ಟೇಪಿನ ಮೇಲೆ ಸ್ವಸ್ತಿಕ ಬರೆದರು. ಗಾಳಿಗೆ ಕರ್ಪೂರ ನಿಲ್ಲಲಿಲ್ಲ. ನಿಂಬೆಹಣ್ಣು ಚಕ್ರದಡಿ ಪಚ್ಚೆಂದಾಗ ಅಮ್ಮ, "ಸಾಕು, ಶೀತ ಆಗುತ್ತೆ, ಒಳಗೆ ನಡೀರಿ" ಎಂದರು.

ಕೆನಡಾದ ಗಡಿಯಿಂದ ಫ್ಲಾರಿಡಾದ ತುದಿಯವರೆಗೆ ಹಾಸಿರುವ ಇಂಟರ್‌ಸ್ಟೇಟ್ 75ರಲ್ಲಿ ಚಳಿಗಾಲವನ್ನು ಬಿಟ್ಟು ಓಡುವವರ ಮೆರವಣಿಗೆಯೇ ಇರುತ್ತದೆ. ಭಾವನವರ ಚಾಲನೆಗೆ ಒಂದೇ ಸೂತ್ರ: ಲಾರಿಯ ಹಿಂದೆ ಹೋಗಬಾರದು. ಲಾರಿಗೂ ತಮಗೂ ನಡುವೆ ಊರಷ್ಟು ಜಾಗ ಬಿಡುವರು. ಆ ಜಾಗಕ್ಕೆ ಇನ್ನೊಬ್ಬ ನುಗ್ಗುವನು. ಅವನ ಹಿಂದೆ ಮತ್ತೊಂದು ಊರು ಬಿಡುವರು. "ಹೀಗೇ ಬಿಡ್ತಾ ಹೋದರೆ ವಾಪಸ್ ನೋವೈಗೇ ತಲುಪ್ತೀವಿ ರೀ" ಎಂದು ಅಕ್ಕ.

ಓಹಾಯೋದಲ್ಲಿ ಕತ್ತಲಾಗುವ ಹೊತ್ತಿಗೆ ಉಪ್ಪಿನ ಗಾಡಿಯ ದರ್ಶನವಾಯಿತು. ಹಳದಿ ದೀಪ ತಿರುಗಿಸುತ್ತ ನಿಧಾನಕ್ಕೆ ಸಾಗುತ್ತಿತ್ತು. ಹಿಂಭಾಗದಲ್ಲೊಂದು ತಟ್ಟೆ ಗಿರಗಿರ ಸುತ್ತಿ ಎರಡೂ ಕಡೆಗೆ ಹರಳು ಎರಚುತ್ತಿತ್ತು. ಅದನ್ನು ದಾಟಿ ಹೋಗುವುದು ಅಪಾಯ, ಹಿಂದೆ ಹೋಗುವುದು ನೋವು. ದೂರದಲ್ಲಿದ್ದರೂ ಪುಟಿದು ಬಂದ ಹರಳುಗಳು ಬಾನೆಟ್ಟಿನ ಮೇಲೆ ಚಟಪಟ ಎಂದವು. ಒಂದೊಂದು ಚಟಪಟಕ್ಕೂ ಭಾವನವರ ಹೆಗಲು ಒಂದೊಂದು ಅಂಗುಲ ಮೇಲೇರುತ್ತಿತ್ತು. ಸಿನ್ಸಿನಾಟಿಯಲ್ಲಿ ಓಹಾಯೋ ನದಿ ದಾಟಿ ಪೆಟ್ರೋಲಿಗೆಂದು ನಿಂತಾಗ ಇಳಿದು ನೋಡಿದೆವು. ನೇರಳೆ ಎಲ್ಲಿದೆ? ಇಡೀ ಕಾರು ಭರಣಿಯಿಂದ ಈಗಷ್ಟೇ ಎತ್ತಿಟ್ಟ ಉಪ್ಪುಮಾವಿನಕಾಯಿಯ ಹಾಗೆ ಬೆಳ್ಳಗೆ ಸುಕ್ಕುಸುಕ್ಕಾಗಿ ಕೂತಿತ್ತು.

ನದಿಯಾಚೆ ಕೆಂಟಕಿಯ ಫ್ಲಾರೆನ್ಸ್ ಎಂಬ ಊರು. ಹೆದ್ದಾರಿಯ ಪಕ್ಕ ಒಂದು ನೀರಿನ ಟ್ಯಾಂಕು, ಅದರ ಮೇಲೆ ದೊಡ್ಡದಾಗಿ 'ಫ್ಲಾರೆನ್ಸ್ ಯಾಲ್' ಎಂದು ಬರೆದಿದೆ. 'ಫ್ಲಾರೆನ್ಸ್ ಕಣ್ರಪ್ಪಾ' ಎಂದ ಹಾಗೆ. ಮೊದಲು ಅಲ್ಲಿ ಫ್ಲಾರೆನ್ಸ್ ಮಾಲ್ ಎಂದಿತ್ತಂತೆ. ಇನ್ನೂ ಕಟ್ಟದ ಮಾಲಿಗೆ ಹೆದ್ದಾರಿಯಲ್ಲಿ ಜಾಹೀರಾತು ಕೂಡದೆಂದು ಸರ್ಕಾರ ತಕರಾರು ತೆಗೆಯಿತು. 1974ರಲ್ಲಿ ಊರಿನವರು ಎಂ ಅಕ್ಷರದ ಎರಡು ಕಾಲಿಗೆ ಬಣ್ಣ ಬಳಿದು ಅಳಿಸಿ, ನಡುವಿನ ಕವಲಿಗೆ ಒಂದು ಕಾಲು ಕೊಟ್ಟು ವೈ ಮಾಡಿಬಿಟ್ಟರು. ಅಗ್ಗದಲ್ಲಿ ಮುಗಿದ ಕೆಲಸ ಈಗ ಊರಿನ ಗುರುತೇ ಆಗಿದೆ. ನಾನು ಮೆಚ್ಚಿಕೊಂಡು ಇದನ್ನು ಹೇಳಿದರೆ ಭಾವ, "ಆ ಟ್ಯಾಂಕಿಗೇನು, ಲಾರಿ ಹಿಂದೆ ಹೋಗೋ ಕರ್ಮ ಇಲ್ಲವಲ್ಲ" ಎಂದರು.

ಟೇಪು ಸೋತದ್ದು ಕೆಂಟಕಿ ಮುಗಿದು ಟೆನೆಸ್ಸಿಯ ಜೆಲಿಕೋ ಬೆಟ್ಟ ಏರುವಾಗ. ಚಳಿಗೆ ಅಂಟು ಬಿರುಸಾಗಿ, ಉಪ್ಪುನೀರು ಅಂಚಿನಡಿ ಇಳಿದು, ಒಂದು ತುದಿ ಎದ್ದು ಪಟಪಟ ಬಡಿಯತೊಡಗಿತು. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಒಂದೊಂದೇ ಪಟ್ಟಿ ಕಿತ್ತರು. ಕಸದ ಡಬ್ಬಿಗೆ ಹಾಕಲು ಹೋದಾಗ ಅಕ್ಕ ಕೈಹಿಡಿದಳು. "ಸ್ವಸ್ತಿಕ ಇರೋದನ್ನ ಪೆಟ್ರೋಲ್ ಬಂಕಿನ ಕಸಕ್ಕೆ ಹಾಕ್ತೀರಾ?" ಹೀಗಾಗಿ ಕುಂಕುಮದ ಟೇಪು ಜಿಪ್ ಚೀಲದೊಳಗೆ ಸೇರಿ, ಡ್ಯಾಶ್‌ಬೋರ್ಡಿನ ಗಣೇಶನ ಪಕ್ಕ ಕೂತು, ಟ್ಯಾಂಪಾದವರೆಗೆ ಪ್ರಯಾಣ ಮಾಡಿ, ಅಲ್ಲಿನ ಗೆಳೆಯರ ಹಿತ್ತಲಿನ ಮಾವಿನ ಬುಡ ಸೇರಿತು. ಕಾಗದದ್ದು ತಾನೆ, ಕರಗುತ್ತದೆ.

ಟೇಪು ಕಿತ್ತ ಆ ಬಂಕಿನಲ್ಲೇ ಇನ್ನೊಂದು ನಡೆಯಿತು. ಅಕ್ಕನ ಮಗಳು ಪುಟ್ಟಿಗೆ ವಾರಾಂತ್ಯದ ಕನ್ನಡ ತರಗತಿ ಎಂದರೆ ಹೊಟ್ಟೆನೋವು ಬರುತ್ತದೆ. ಅಪ್ಪ ಎದುರು ಕೂತು ತಿದ್ದಿಸಿದರೆ ಕೈನೋವು. ಅಂಥವಳು, ದೊಡ್ಡವರೆಲ್ಲ ಟೇಪಿನ ಧರ್ಮಸೂಕ್ಷ್ಮ ಚರ್ಚಿಸುತ್ತಿದ್ದಾಗ, ಡಿಕ್ಕಿಯ ಮೇಲೆ ದಪ್ಪಗೆ ಕಟ್ಟಿದ ಉಪ್ಪಿನಲ್ಲಿ ತೋರುಬೆರಳಿನಿಂದ ಅಂಗೈಯಗಲ ಒಂದು 'ಅ' ಬರೆದಳು. ಸುಳಿ, ಹೊಟ್ಟೆ, ಬಾಲ, ಎಲ್ಲವೂ ಸರಿಯಾಗಿತ್ತು. "ಮಾಮ, ನೋಡು!" ಎಂದು ನನ್ನನ್ನು ಕರೆದದ್ದು ಭಾವನವರಿಗೆ ಕೇಳಿಸಿತು. ಓಡಿಬಂದರು. ಬೆರಳು ಉಪ್ಪಿನ ಹರಳನ್ನೂ ಮರಳನ್ನೂ ಕ್ಲಿಯರ್ ಕೋಟಿನ ಮೇಲೆ ತಿಕ್ಕಿದರೆ ಏನಾಗುತ್ತದೆಂದು ಮೈಕ್ರಾನ್ ಲೆಕ್ಕದಲ್ಲಿ ಬಲ್ಲ ಮನುಷ್ಯ. ಬಾಯಿ ತೆರೆದರು, ಮಗಳ ಮುಖ ನೋಡಿದರು, ಮುಚ್ಚಿದರು. "ಚೆನ್ನಾಗಿದೆ ಪುಟ್ಟೀ, 'ಆ' ಮಾತ್ರ ಪುಸ್ತಕದಲ್ಲಿ ಬರಿ" ಎಂದರು.

ರಾತ್ರಿ ನಾಕ್ಸ್‌ವಿಲ್ ಹತ್ತಿರ ಮೋಟೆಲಿನಲ್ಲಿ ಉಳಿದೆವು. ಅಮ್ಮ ಎಲ್ಲಿದ್ದರೂ ಐದಕ್ಕೆ ಏಳುವವರು. ಅಳಿಯಂದಿರು ಅಷ್ಟು ದೂರ ಗಾಡಿ ಓಡಿಸಿ ಸುಸ್ತಾಗಿದ್ದಾರೆ, ಬೆಳ್ಳಗಾದ ಕಾರು ನೋಡಿ ಪಾಪ ಕೊರಗುತ್ತಾರೆ ಎಂದು, ಮೋಟೆಲಿನ ಟವೆಲೊಂದನ್ನು ಒದ್ದೆ ಮಾಡಿಕೊಂಡು ಹೋಗಿ, ಬಾನೆಟ್ಟನ್ನು ಪೂಜಾಪಾತ್ರೆ ಬೆಳಗುವ ಶ್ರದ್ಧೆಯಿಂದ ಗುಂಡಗೆ ಗುಂಡಗೆ ಒರೆಸಿದ್ದರು. ಭಾವ ಕಾಫಿ ಲೋಟ ಹಿಡಿದು ಹೊರಗೆ ಬಂದರು. ಅತ್ತೆಯನ್ನು ಬೈಯಲು ಬರುವ ಅಳಿಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. "ನೀವ್ಯಾಕೆ ತೊಂದರೆ ತಗೊಂಡಿರಿ ಅತ್ತೆ" ಎಂದರು. ಆ ಮಾತಿನಲ್ಲಿ ಎಷ್ಟು ಸತ್ಯವಿತ್ತೆಂದು ಅಮ್ಮನಿಗೆ ತಿಳಿಯಲಿಲ್ಲ. ಉಬ್ಬಿಹೋಗಿ ಬಾಗಿಲುಗಳನ್ನೂ ಒರೆಸಲು ಹೊರಟವರನ್ನು ನಾನು ಉಪ್ಪಿಟ್ಟಿನ ನೆಪ ಹೇಳಿ ಒಳಗೆ ಕರೆದುಕೊಂಡು ಹೋದೆ.

ಹೀಗೆ ಒರೆಸುವುದು ನಾವು ದಿನಾ ಮಾಡುವುದೇ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ಬಕೆಟ್ ನೀರು, ಒಂದು ಹಳೇ ಬಟ್ಟೆಯಲ್ಲಿ ಇಡೀ ಸಾಲು ಕಾರುಗಳನ್ನು ಬೆಳಗಾಗುವುದರೊಳಗೆ ಒರೆಸಿ ಮುಗಿಸುತ್ತಾರೆ. ಮೊದಲ ಕಾರಿನ ಮರಳು ಕೊನೆಯ ಕಾರಿನವರೆಗೂ ಸೇವೆ ಸಲ್ಲಿಸುತ್ತದೆ. ನಮ್ಮ ಕಾರುಗಳ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಕಾಣುವ ಸುತ್ತುಗೀರುಗಳೆಲ್ಲ ಶುಚಿತ್ವದ ಗುರುತುಗಳು. ಒರೆಸದೆ ಬಿಟ್ಟ ಕೊಳಕು ಕಾರಿಗೆ ಅವು ಇರುವುದಿಲ್ಲ. ಬಲ್ಲವರು ಮಾಡುವುದು ಬೇರೆ: ಮೊದಲು ಮುಟ್ಟದೆ ನೀರು ಹಾಯಿಸಿ ಉಪ್ಪು, ಮರಳು ಇಳಿಸುವುದು, ಆಮೇಲೆ ಸೋಪಿನದೊಂದು ಬಕೆಟ್, ಬಟ್ಟೆ ಜಾಲಿಸುವುದಕ್ಕೆ ಇನ್ನೊಂದು. ಮೈನಸ್ ಚಳಿಯಲ್ಲಿ ಅದನ್ನು ಯಾರು ಮಾಡುತ್ತಾರೆ? ಅದಕ್ಕೇ ಬ್ರಶ್ ಇಲ್ಲದ, ಬರೀ ನೀರು ಚಿಮ್ಮಿಸುವ ತೊಳೆಯುವ ಕೇಂದ್ರಗಳಿವೆ, ಅಡಿಯಿಂದಲೂ ಚಿಮ್ಮಿಸುತ್ತವೆ. ಆದರೆ ತೊಳೆದ ಮೇಲೆ ಬಾಗಿಲ ರಬ್ಬರಿನಲ್ಲಿ ನಿಂತ ನೀರು ಹೆಪ್ಪುಗಟ್ಟಿದರೆ ಬೆಳಿಗ್ಗೆ ಬಾಗಿಲೇ ತೆರೆಯುವುದಿಲ್ಲ. ತೊಳೆಯದೆ ಬೆಚ್ಚಗಿನ ಗ್ಯಾರೇಜಿನಲ್ಲಿಟ್ಟರೆ ಇನ್ನೂ ಕೆಟ್ಟದ್ದು: ಹಿಮ ಕರಗಿ, ಉಪ್ಪು ನೀರಾಗಿ, ತುಕ್ಕಿಗೆ ಹದವಾದ ವಾತಾವರಣ. ಹೊರಗೆ ಚಳಿಯಲ್ಲಿ ಬಿದ್ದಿರುವ ಕಾರಿನಲ್ಲಿ ತುಕ್ಕಿಗೂ ಸೋಮಾರಿತನ.

ಜಾರ್ಜಿಯಾ ತಲುಪಿದಾಗ ಹಿಮವೂ ಇಲ್ಲ, ಉಪ್ಪೂ ಇಲ್ಲ, ಬಿಸಿಲು. ಅಟ್ಲಾಂಟಾ ದಾಟಿ ಒಂದು ತೊಳೆಯುವ ಕೇಂದ್ರಕ್ಕೆ ಕಾರು ನುಗ್ಗಿಸಿದರು. ಎಲ್ಲ ಕಡೆಯಿಂದ ನೀರು ಅಪ್ಪಳಿಸಿದಾಗ ಅಮ್ಮ ಸೀಟು ಗಟ್ಟಿಯಾಗಿ ಹಿಡಿದುಕೊಂಡು, "ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರಲ್ಲ, ಕಾರಿಗೂ ತಪ್ಪಲಿಲ್ಲ" ಎಂದರು. ಭಾವ ಅಂದು ಮೊದಲ ಸಲ ನಕ್ಕರು. ಹೊರಬಂದ ಕಾರು ನಿಜಕ್ಕೂ ನೇರಳೆಯಾಗಿತ್ತು. ಅವರು ಪರೀಕ್ಷೆಗೆ ಸುತ್ತು ಹಾಕಿದರು. ಬಂಪರಿನಲ್ಲಿ ಎರಡು ಚಕ್ಕೆ. ಅಷ್ಟು ದೂರದ ಉಪ್ಪು, ಜಲ್ಲಿ, ಲಾರಿಗಳೆಲ್ಲ ಸೇರಿ ಮಾಡಿದ್ದು ಅಷ್ಟೇ. ಟೂತ್‌ಪಿಕ್ಕಿನ ತುದಿಯಲ್ಲಿ ಟಚಪ್ ಬಣ್ಣ ಅದ್ದಿ ಮುಚ್ಚಬಹುದು. ಬಾನೆಟ್ಟಿನ ಮೇಲೆ ಮಾತ್ರ ಓರೆಬಿಸಿಲಿಗೆ ಅತ್ತೆಯ ಕೈಬರಹ ಸುತ್ತುಸುತ್ತಾಗಿ ಮಿನುಗಿತು. ಡಿಕ್ಕಿಯ ಮೇಲೆ ಮಗಳ 'ಅ'. ಕೊಳೆ ಹೋಗಿತ್ತು, ಅಕ್ಷರ ಉಳಿದಿತ್ತು.

ಟ್ಯಾಂಪಾದ ಗೆಳೆಯರು ಉಡುಪಿಯ ಕಡೆಯವರು. ಕಡಲಗಾಳಿಗೆ ತಂದೆಯ ಅಂಬಾಸಿಡರ್ ಬಾಗಿಲಿನ ಅಡಿಯಲ್ಲಿ ತೂತು ಬಿದ್ದು, ಕಾಲಿನ ಹತ್ತಿರ ರಸ್ತೆ ಕಾಣುತ್ತಿದ್ದುದನ್ನು ನೋಡಿ ಬೆಳೆದವರು. ಬಣ್ಣದ ಮಾತು ಅವರಿಗೆ ನಾಟಲಿಲ್ಲ. ಮರುದಿನ ಎಲ್ಲರೂ ಕ್ಲಿಯರ್‌ವಾಟರ್ ಕಡಲತೀರಕ್ಕೆ ಎಂದು ಅಕ್ಕ ಹೊರಟು ನಿಂತಳು. ಉಪ್ಪಿನಿಂದ ತಪ್ಪಿಸಿಕೊಳ್ಳಲು ಆರು ರಾಜ್ಯ ಹಾದು ಬಂದವರು ಉಪ್ಪಿನ ತಾಯಿಮನೆಗೇ ಕಾರು ಒಯ್ಯಬೇಕು. ಭಾವ ಗೆಳೆಯರ ಕಡೆ ತಿರುಗಿ, "ನಿಮ್ಮ ವ್ಯಾನಲ್ಲೇ ಹೋಗೋಣ ಮಾರಾಯರೇ, ಎಲ್ಲ ಒಟ್ಟಿಗೆ ಇದ್ದ ಹಾಗಾಗುತ್ತೆ" ಎಂದರು. ಕುಟುಂಬದ ಒಗ್ಗಟ್ಟಿನ ಬಗ್ಗೆ ಅವರು ಅಷ್ಟು ಕಳಕಳಿಯಿಂದ ಮಾತಾಡಿದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ.

ನಾವು ಮೈಸೂರಿಗೆ ಮರಳಿದ ಮೇಲೆ, ಹಿಮ ಕರಗಿದ ಕಾಲಕ್ಕೆ, ಅಕ್ಕ ಫೋನಿನಲ್ಲಿ ಸುದ್ದಿ ಹೇಳಿದಳು. ಫಿಲ್ಮ್ ಅಂಗಡಿಯವರು ಕೊನೆಗೂ ದಿನ ಕೊಟ್ಟರಂತೆ. ಅಂಟಿಸುವ ಮುಂಚೆ ಪಾಲಿಶ್ ಹೊಡೆದು ಗೀರು ತೆಗೆಯಬೇಕು, ಇಲ್ಲದಿದ್ದರೆ ಫಿಲ್ಮಿನಡಿ ಅವು ಹಾಗೇ ಉಳಿದುಬಿಡುತ್ತವೆ ಎಂದು ಎಚ್ಚರಿಸಿದರಂತೆ. ಬಾನೆಟ್ಟಿಗೆ ಪಾಲಿಶ್ ಆಯಿತು, ಅಮ್ಮನ ಸುತ್ತುಗಳು ಹೋದವು.

"ಬಾನೆಟ್ಟು, ಬಂಪರಿಗೆ ಮಾತ್ರ ತಾನೆ ಹಾಕಿಸೋದು ಅಂತಿದ್ದರು?" ಎಂದೆ.

"ಡಿಕ್ಕಿಗೂ ಹಾಕಿಸಿದಾರೆ ಕಣೋ. ಅದಕ್ಕೆ ಬೇರೆ ದುಡ್ಡು. ಯಾಕ್ರೀ ಅಂದರೆ, ಅಂಗಡಿಗಳ ಪಾರ್ಕಿಂಗಲ್ಲಿ ತಳ್ಳುಗಾಡಿ ಬಂದು ಹಿಂದೆ ಗುದ್ದುತ್ತಂತೆ."

"ಅದಕ್ಕೂ ಪಾಲಿಶ್ ಮಾಡಿಸಿದರಾ?"

"ಇಲ್ಲ. ಪಾಲಿಶ್ ಹೊಡೆದರೆ ಕ್ಲಿಯರ್ ಕೋಟ್ ಒಂದೆರಡು ಮೈಕ್ರಾನ್ ಸವೆಯುತ್ತಂತೆ."